ಊಟ ಬಡಿಸಿದೆ, ಅಮ್ಮಾವ್ರೇ

ಬೆಳಿಗ್ಗೆ ಬೇಕರಿಯಲ್ಲಿ ಆಂತೆಲ್ಮ್ ರಾವಿಯೆ ಬಾಯಿ ತೆರೆದರು, ಮಾತು ಹೊರಡಲಿಲ್ಲ. ಹಿಂದೆ ಏಳು ಜನ ಸಾಲು ನಿಂತಿದ್ದರು. ಬೇಕರಿಯ ಗುರ್ದೋ ಕೈಯಲ್ಲಿ ರೊಟ್ಟಿ ಹಿಡಿದು ವಿಗ್ರಹದ ಹಾಗೆ ಕಾದ.

"ಏನ್ ಯಜಮಾನ್ರೇ, ದಿನಾ ತಿನ್ನೋ ರೊಟ್ಟಿ ಹೆಸರೇ ಮರ್ತೋಯ್ತಾ?"

"ಮರೆತಿಲ್ಲ ಕಣಯ್ಯ. ಮೌನ ಅಭ್ಯಾಸ ಮಾಡ್ತಿದ್ದೆ."

ಯಾರು ನಂಬುತ್ತಾರೆ? ರಾವಿಯೆಗೆ ಎಂಬತ್ತೊಂದು ವರ್ಷ. ಅರವತ್ತು ಸಿನಿಮಾಗಳಲ್ಲಿ ನಟಿಸಿದ್ದರು, ಅವುಗಳ ಪೈಕಿ ನಲವತ್ತೆರಡರಲ್ಲಿ ಸತ್ತಿದ್ದರು. ರಂಗದ ಮೇಲೆ ರಾಜ, ಪಾದ್ರಿ, ಜಿಪುಣ ಎಲ್ಲವೂ ಆಗಿದ್ದರು. ಆದರೆ ಹನ್ನೊಂದು ವರ್ಷದಿಂದ ಅವರಿಗೆ ಫೋನ್ ಮಾಡುತ್ತಿದ್ದವರು ಕಿವಿಯಂತ್ರ ಮಾರುವವರು ಮಾತ್ರ. ಮುದುಕರನ್ನು ಹಳೇ ಕುರ್ಚಿಯ ಹಾಗೆ ಅಟ್ಟಕ್ಕೆ ಎಸೆಯುವ ಕಾಲ ಇದು. ಕೊನೆಗೆ ಗೇತಾನ್ ಎಂಬ ಮೂವತ್ತರ ನಿರ್ದೇಶಕ ತನ್ನ ನಾಟಕಕ್ಕೆ ಕರೆದಿದ್ದ. ಪಾತ್ರ ಸೇವಕನದು. ಬಾಗಿಲು ತೆರೆದು "ಊಟ ಬಡಿಸಿದೆ, ಅಮ್ಮಾವ್ರೇ" ಅನ್ನಬೇಕು, ಹೋಗಬೇಕು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಲಿಯೋನ್ ನಗರದ ಇದೇ ನಾಟಕಶಾಲೆಯಲ್ಲಿ, ಅವರು ಮೊಟ್ಟಮೊದಲು ಆಡಿದ್ದೂ ಅದೇ ಮಾತು. ಇವತ್ತು ಸಂಜೆ ಅದನ್ನು ಇನ್ನೊಮ್ಮೆ ಆಡಿಬಿಟ್ಟರೆ ಬದುಕು ಸಾರ್ಥಕ ಅಂದುಕೊಂಡಿದ್ದರು.

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಕಟ್ಟಡ ಕಾಯುವ ಕ್ಲೋಟಿಲ್ಡ್ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು. ಆಕೆಯದು ರೈಲಿನ ಸೀಟಿಯಂಥ ಗಂಟಲು.

"ಅಯ್ಯೋ ರಾವಿಯೆ ಅವ್ರೇ, ನೆನಪು ಕೈಕೊಡ್ತಂತೆ? ಎಲ್ಲಿ, ನಾಟಕದ ಮಾತು ಹೇಳಿ ನೋಡೋಣ."

"ಊಟ ಬಡಿಸಿದೆ, ಅಮ್ಮಾವ್ರೇ."

"ಹ್ಞಾ. ಮತ್ತೊಂದ್ಸಲ."

ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡವೇ ವೈದ್ಯಶಾಲೆಯಾಯಿತು. ನೆನಪಿಗೆ ಒಳ್ಳೇದೆಂದು ಎರಡನೇ ಮಹಡಿಯವರು ಅಕ್ರೋಟು ತಂದರು, ಮೂರನೆಯವರು ಮೀನಿನೆಣ್ಣೆ ಕುಡಿಸಿದರು. ಗುರ್ದೋ ಆ ಮಾತನ್ನು ಚೀಟಿಯಲ್ಲಿ ಬರೆದು ಅಂಗಿಯ ತೋಳಿನೊಳಗೆ ಪಿನ್ನಿನಿಂದ ಸಿಕ್ಕಿಸಿದ. ಪಿನ್ನು ಚರ್ಮಕ್ಕೂ ಹೋಯಿತು. ಸಿಕ್ಕವರೆಲ್ಲ "ಹೇಳಿ, ಹೇಳಿ" ಎಂದು ಮಗ್ಗಿಯ ಹಾಗೆ ಒಪ್ಪಿಸಿಕೊಂಡರು. ಐದು ಗಂಟೆಗೆ ಆ ಮಾತು ಕಟ್ಟಡದ ನಾಯಿಮರಿಯೊಂದನ್ನು ಬಿಟ್ಟು ಎಲ್ಲರಿಗೂ ಬಾಯಿಪಾಠ.

ಹೊರಡುವಾಗ ಕ್ಲೋಟಿಲ್ಡ್, "ಒಳ್ಳೇದಾಗ್ಲಿ!" ಅಂದಳು.

ರಾವಿಯೆ ಕಿವಿ ಮುಚ್ಚಿಕೊಂಡರು. "ಅಪಶಕುನ! ನಾಟಕದೋರಿಗೆ ಒಳ್ಳೇದು ಹೇಳ್ಬಾರ್ದು. 'ಹೇಲು' ಅನ್ಬೇಕು!"

"ಹಾಗಾದ್ರೆ ಬಂಡಿಗಟ್ಲೆ ಹೇಲು!" ಎಂದು ಬೀದಿಗೆಲ್ಲ ಕೇಳುವಂತೆ ಹರಸಿದಳು.

ಸಂಜೆ ನಾಟಕ ಶುರುವೆಂದು ಮೂರು ಬಾರಿ ಕೋಲು ಕುಟ್ಟಿದ ಸದ್ದಾಯಿತು, ಪರದೆ ಎದ್ದಿತು. ಎರಡನೇ ಅಂಕದಲ್ಲಿ ರಾವಿಯೆ ಬಾಗಿಲು ತೆರೆದು ಬೆಳಕಿಗೆ ಬಂದರು. ಅದೇ ಮಾಸಿದ ಕೆಂಪು ಕುರ್ಚಿಗಳು, ಅದೇ ಧೂಳಿನ ವಾಸನೆ. ಮೇಲಿನ ಸಾಲಿನ ಕಂಬದ ಪಕ್ಕ ಹತ್ತೊಂಬತ್ತರ ಆ ದಿನ ಅಮ್ಮ ಬಟ್ಟೆ ಒಗೆಯುವ ಕೆಲಸ ಬಿಟ್ಟು ಬಂದು, ಒದ್ದೆ ಕೈಯಲ್ಲೇ ಚಪ್ಪಾಳೆ ತಟ್ಟಿದ್ದಳು. ರಾವಿಯೆ ಅತ್ತ ನೋಡಿದರು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಇನ್ನಷ್ಟು ಹಣ್ಣಾಗಲಿ ಎಂದು ಬೇಕೆಂದೇ ತಡೆದು ಹಿಡಿದರು. ಒಂದು ಉಸಿರು. ಎರಡು. ಸಭೆ ಪೂರ್ತಿ ಅವರ ಮುಷ್ಟಿಯಲ್ಲಿತ್ತು. ಮೂರನೇ ಉಸಿರಿಗೆ ತುಟಿ ಬಿಚ್ಚಿದರು.

"ಊಟ ಬಡಿಸಿದೆ, ಅಮ್ಮಾವ್ರೇ!"

ಕೂಗಿದ್ದು ಅವರಲ್ಲ. ನಾಲ್ಕನೇ ಸಾಲಿನಿಂದ ಇಡೀ ಕಟ್ಟಡ, ಒಂದೇ ದನಿಯಲ್ಲಿ. ಎಲ್ಲಕ್ಕಿಂತ ಮೇಲೆ ರೈಲಿನ ಸೀಟಿ.

ನಾಟಕಶಾಲೆ ನಗೆಯಿಂದ ಬಿರಿಯಿತು. ನಾಯಕಿ ನಗು ತಡೆಯಲಾರದೆ ಊಟಕ್ಕೆ ಹೊರಟೇಬಿಟ್ಟಳು. ರಾವಿಯೆ ತೆರೆದ ಬಾಯಿ ಮುಚ್ಚಿ, ಬಾಗಿ, ಬಾಗಿಲು ಎಳೆದುಕೊಂಡರು.

ಪರದೆಯ ಹಿಂದೆ ಗೇತಾನ್ ಓಡಿ ಬಂದು ತಬ್ಬಿಕೊಂಡ. "ಅದ್ಭುತ ಸಾರ್! ನಾಳೆಯಿಂದ ದಿನಾ ಆ ಮಾತು ಸಭೆಯಿಂದ್ಲೇ ಬರ್ಲಿ! ಆ ಗಂಟಲಿನ ಹೆಂಗಸು ಯಾರು? ಪಾತ್ರ ಅವರಿಗೇ!"

"ಮತ್ತೆ ನಾನು?"

"ನೀವಾ?" ಗೇತಾನ್ ಅವರ ಭುಜ ತಟ್ಟಿದ. "ಅವರ ಪಕ್ಕ ಕೂತ್ಕೊಳ್ಳಿ. ಹೊಸಬರು ನೋಡಿ, ಮರೆತುಬಿಟ್ರೆ ಮೆಲ್ಲಗೆ ಹೇಳ್ಕೊಡಿ."