ಕುಬ್ಜ ಗ್ಯಾಲಕ್ಸಿಯ ಸ್ಥಳ ಪಂಚನಾಮೆ

ಟಿಕೋಟಾದ ಅಂತರ ದೃಢೀಕರಣ ಕಚೇರಿಯ ಮೊಹರು ಬೀಳದ ಹೊರತು ಯಾವ ದೂರವೂ ದೂರವಲ್ಲ.

ಆದ್ದರಿಂದ ಜಲನಗರದ ಗೌತಮಿ ಅಲ್ಲಿ ಅರ್ಜಿ ಹಾಕಿದಳು. ಮಸುಕಾದೊಂದು ಕುಬ್ಜ ಗ್ಯಾಲಕ್ಸಿಯ ದೂರ ಅಳೆಯುವುದು ಅವಳ ಆರು ವರ್ಷದ ಸಂಶೋಧನೆ. ತಿಂಗಳೊಳಗೆ ಮೊಹರು ತರದಿದ್ದರೆ ಡಾಕ್ಟರೇಟ್ ಇಲ್ಲವೆಂದು ವಿಶ್ವವಿದ್ಯಾಲಯ ತಿಳಿಸಿತ್ತು.

ಹೊಲಗದ್ದೆ ಅಳೆದು ಪಳಗಿದ ಅಲ್ಲಿನ ಮೋಜಣಿದಾರ ದಶರಥ ಕನ್ನಡಕ ಏರಿಸಿದ. "ಸರಪಳಿ ಹಿಡದು ಅಳದೀಯೇನವಾ?"

"ಇಲ್ರಿ. ಅಲ್ಲೊಂದು ಚಿಕ್ಕಿ ಐತಿ, ನಕ್ಷತ್ರ. ಹದಿಮೂರು ತಾಸಿಗೊಮ್ಮೆ ಬೆಳಗಿ ಮಂಕಾಗತೈತಿ. ಆ ತಾಸಿನ ಮ್ಯಾಲ ಅದರ ಖರೇ ಬೆಳಕು ಎಷ್ಟಂತ ಗೊತ್ತಾಗತೈತಿ. ಇಲ್ಲಿಂದ ಎಷ್ಟು ಮಂಕ ಕಾಣತೈತಿ ನೋಡಿದ್ರ ದೂರ ಸಿಗತೈತ್ರಿ. ಮೂರು ಲಕ್ಷ ಜ್ಯೋತಿರ್ವರ್ಷ."

"ತಾಸಿಗೊಂದು ಮಾರಿ ಮಾಡೋ ಚಿಕ್ಕಿ ಸಾಕ್ಷಿ ಆಗಾಂಗಿಲ್ಲ. ಪಂಚರು ಬೇಕು."

ಹತ್ತಿರದ ಹಳ್ಳಿ ಬಿಜ್ಜರಗಿಯಲ್ಲಿ ಪಂಚನಾಮೆ ನಡೆಯಿತು. ಕಚೇರಿ ವೇಳೆಯಲ್ಲಿ, ಅಂದರೆ ಮಟಮಟ ಮಧ್ಯಾಹ್ನ. ಐವರು ಪಂಚರಲ್ಲಿ ನಾನೂ ಒಬ್ಬ, ಹಾಗಾಗಿ ಇದೆಲ್ಲ ನಿಜ. ಚಹಾ ಕುಡಿದು, ಪದ್ಧತಿಯಂತೆ ಮೊದಲು ಖಾಲಿ ಹಾಳೆಗೆ ಸಹಿ ಹಾಕಿದೆವು. ಆಮೇಲೆ ದಶರಥ ಬರೆದ: "ಗ್ಯಾಲಕ್ಸಿಯನ್ನು ಪಂಚರು ಖುದ್ದು ನೋಡಿದರು. ಚಕ್ಕುಬಂದಿ: ಪೂರ್ವಕ್ಕೆ ಯಾಕೂಬನ ದ್ರಾಕ್ಷಿ ತೋಟ, ಪಶ್ಚಿಮಕ್ಕೆ ಹಾದಿ, ಉಳಿದ ಕಡೆ ಆಕಾಶ."

ದೂರದ ಕಾಲಮ್ಮಿಗೆ ಬಂದಾಗ, ಕುರಿ ಬಿಟ್ಟು ಪಂಚಳಾಗಿ ಬಂದಿದ್ದ ಪರಸವ್ವ ಅಡ್ಡ ಬಂದಳು. "ಮೂರು ಲಕ್ಷ? ನನಗ ಬಾಜೂ ಊರು ನಿಡೋಣೀನ ದೂರ ಯಪ್ಪಾ. ನಾ ಒಪ್ಪಾಂಗಿಲ್ಲ."

"ಯವ್ವಾ, ಆರು ವರ್ಷ ಅಳದೇನಿ!" ಗೌತಮಿ ಕಣ್ಣೊರೆಸಿಕೊಂಡಳು.

"ಅಳಬ್ಯಾಡ ಬೇ. ನಿಂದೂ ಬ್ಯಾಡ, ನಂದೂ ಬ್ಯಾಡ. ಅರ್ಧ ಮಾಡ್ರಿ."

ನ್ಯಾಯವಾಗಿತ್ತು. ಒಂದೂವರೆ ಲಕ್ಷವೆಂದು ಸರ್ವಾನುಮತದಿಂದ ನಿಗದಿಯಾಯಿತು.

ತಕರಾರಿಗೆ ಏಳು ದಿನದ ನೋಟಿಸನ್ನು ಗ್ಯಾಲಕ್ಸಿಗೆ ಅತಿ ಸಮೀಪದ ಕಟ್ಟಡವಾದ ಯಾಕೂಬನ ಒಣದ್ರಾಕ್ಷಿ ಶೆಡ್ಡಿಗೆ ಅಂಟಿಸಲಾಯಿತು. ಗ್ಯಾಲಕ್ಸಿ ಸುಮ್ಮನಿತ್ತು. ತಕರಾರು ಹಾಕಿದ್ದರೂ ಅದು ಇಲ್ಲಿಗೆ ತಲುಪಲು ಮೂರು ಲಕ್ಷ ವರ್ಷ, ಪರಿಷ್ಕೃತ ಆದೇಶದ ಪ್ರಕಾರ ಒಂದೂವರೆ ಲಕ್ಷ ವರ್ಷ ಬೇಕು. ಅವಧಿ ಮೀರಿದ ತಕರಾರು ಸ್ವೀಕೃತವಲ್ಲ.

ಮೊಹರು ಬಿತ್ತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: ದೂರ ಅರ್ಧವಾದರೆ ನಕ್ಷತ್ರ ನಾಲ್ಕು ಪಟ್ಟು ಬೆಳಗಬೇಕಲ್ಲ, ಇದು ಮೊದಲಿನಷ್ಟೇ ಮಂಕಾಗಿ ಕಾಣುವುದೇಕೆ?

ಗೌತಮಿ ಮೊಹರನ್ನೊಮ್ಮೆ ನೋಡಿದಳು, ಪರೀಕ್ಷಕರನ್ನೊಮ್ಮೆ.

"ನಕ್ಷತ್ರದ ಕರ್ತವ್ಯಲೋಪ ಸರ್."

ಪರೀಕ್ಷಕರು ತಲೆದೂಗಿ ಬರೆದುಕೊಂಡರು. ಈಗ ಅವಳು ಡಾಕ್ಟರ್ ಗೌತಮಿ.