ಕೈಗುಣವಿಲ್ಲದ ಕೆಮಿಸ್ಟು

ಔಷಧ ರಸಾಯನಶಾಸ್ತ್ರದಲ್ಲಿ ಇಷ್ಟು ವರ್ಷ ಕಳೆದರೂ ನಾನು ಹೊಸ ಮಾತ್ರೆ ಒಂದನ್ನೂ ಕಂಡುಹಿಡಿದಿಲ್ಲ. ಮೂರ್ಖರನ್ನು ಮಾತ್ರ ತಿಂಗಳಿಗೊಬ್ಬರಂತೆ ಕಂಡುಹಿಡಿಯುತ್ತಲೇ ಇದ್ದೇನೆ, ಕನ್ನಡಿಯಲ್ಲಿ ಕಾಣುವವಳನ್ನೂ ಸೇರಿಸಿ.

೧. ತಪಾಸಣೆ

ನಾನು ಪಿಎಚ್.ಡಿ.ಗೆ ಸೇರಿದ್ದು ಕುಂದಗೋಳ ಕಡೆಯ ಒಂದು ಕಾಲೇಜಿನಲ್ಲಿ. ನನ್ನ ಗೈಡ್ ಸರ್ ಪ್ರಯೋಗಾಲಯಕ್ಕೆ ಕಾಲಿಡುತ್ತಿದ್ದದ್ದು ತಪಾಸಣೆಯವರು ಬಂದಾಗ ಮಾತ್ರ. ಒಮ್ಮೆ ತಪಾಸಣೆಯವರು ಗೇಟಿಗೆ ಬಂದಾಗ ನೋಡಿದರೆ ಫ್ಲಾಸ್ಕುಗಳೆಲ್ಲ ಖಾಲಿ. ಸರ್ ಆಗ ಗಂಟಲು ನೋವಿಗೆ ಆಂಟಿಬಯೋಟಿಕ್ ನುಂಗುತ್ತಿದ್ದರು. ಕಿಸೆಯಿಂದ ಒಂದು ಕ್ಯಾಪ್ಸೂಲು ತೆಗೆದವರೇ ಬಿಚ್ಚಿ, ಅಂಚು ಒಡೆದ ಒಂದು ಫ್ಲಾಸ್ಕಿಗೆ ನೀರು ಹಿಡಿದು, ಅದಕ್ಕೆ ಸುರಿದು ಅಲುಗಾಡಿಸಿದರು. ನೀರು ಹಳದಿಯಾಯಿತು.

"ಏನ್ರೀ ಇದು?" ಎಂದರು ತಪಾಸಣೆಯವರು.

"ಹೊಸ ಔಷಧರೀ. ಇನ್ನೂ ತಯಾರಾಗಾಕತ್ತೈತಿ."

ಅವರು ತಲೆದೂಗಿ, 'ಅತ್ಯುತ್ತಮ' ಎಂದು ಬರೆದು ಊಟಕ್ಕೆ ಎದ್ದರು. ಸರ್ ನೀರು ಚೆಲ್ಲಿ ಫ್ಲಾಸ್ಕನ್ನು ಹಾಗೇ ಕಪಾಟಿಗೆ ಸೇರಿಸಿದರು. ಆ ಹೊಸ ಔಷಧ ಎದುರಿನ ಮೆಡಿಕಲ್ ಶಾಪಿನಲ್ಲಿ ಪಟ್ಟಿಗಟ್ಟಲೆ ಸಿಗುತ್ತಿತ್ತು.

೨. ನೂರಾ ಎಂಟು

ಮುಂದಿನ ವಾರ, ಔಷಧವಾದೀತೆಂದು ನಾನು ಮಾಡುತ್ತಿದ್ದ ಹೊಸ ಪುಡಿ ತಯಾರಾಯಿತು. ಹಾಕಿದ ಸಾಮಾನಿಗೆ ನೂರಕ್ಕೆ ನೂರು ಬಂದರೇ ಪವಾಡ, ನನ್ನದು ತೂಕದಲ್ಲಿ ನೂರಾ ಎಂಟು ಬಂತು. ಪುಡಿ ಇನ್ನೂ ಹಸಿಯಾಗಿತ್ತು, ಅಷ್ಟೇ.

"ನೂರಾ ಎಂಟು! ಜಪದ ಸಂಖ್ಯಾ, ಛಲೋ ಶಕುನ. ಹಂಗ ಬರೀವಾ," ಎಂದರು ಸರ್.

"ಸರ್, ಅದು ಒಣಗಿಲ್ರೀ."

"ನೀ ಬರಿಯೂದ್ರೊಳಗ ಒಣಗ್ತೈತಿ!"

೩. ಸಮಿತಿ

ಆ ಪುಡಿಯನ್ನು ರೋಗಾಣುಗಳ ಮೇಲೆ ಪರೀಕ್ಷಿಸಿದೆ. ಎಲ್ಲವೂ ಸತ್ತವು. ಸರ್ ಅದೇ ಸಂಜೆ ಶಾಲು ಹೊದಿಸಿಕೊಂಡರು. ನನಗೆ ಹಾರದಿಂದ ಉದುರಿದ ಎರಡು ಚೆಂಡುಹೂವು ಸಿಕ್ಕವು.

ಆಮೇಲೆ ಎಷ್ಟು ಸಲ ಮಾಡಿದರೂ ಒಂದು ರೋಗಾಣುವೂ ಸಾಯಲಿಲ್ಲ. ನನ್ನ ಪುಡಿ ತಿಂದು ಮೈಕೈ ತುಂಬಿಕೊಂಡವು. ಮೂವರು ಪ್ರಾಧ್ಯಾಪಕರ ಸಮಿತಿ ಕೂತಿತು. ಒಬ್ಬರು ಹವಾ ಬದಲಾಗಿದೆ ಎಂದರು, ಇನ್ನೊಬ್ಬರು ನೀರು ಬದಲಾಗಿದೆ ಎಂದರು. ಮೂವರಲ್ಲಿ ಹಿರಿಯರು ಕನ್ನಡಕ ತೆಗೆದು, "ಇಕಿ ಕೈಗುಣ ಛಲೋ ಇಲ್ರೀ," ಎಂದರು. ಮೂವರಿಗೂ ಡಾಕ್ಟರೇಟ್ ಇತ್ತು!

ಒಂದು ತಿಂಗಳೊಳಗೆ ಮತ್ತೆ ಮಾಡಿ ತೋರಿಸದಿದ್ದರೆ ನನ್ನ ನೋಂದಣಿ ರದ್ದು ಎಂದು ಕಾಗದ ಕೊಟ್ಟರು. ನಾಲ್ಕು ವರ್ಷದ ದುಡಿಮೆ ನೀರಲ್ಲಿ ಹೋಮವಾಗುವುದಿತ್ತು. ಬಸ್ಸಿನಲ್ಲಿ ನಮ್ಮೂರು ಅಣ್ಣಿಗೇರಿ ಬರುವವರೆಗೂ ಅತ್ತೆ.

೪. ಗಿರಣಿ

ಮನೆಗೆ ಬಂದರೆ ಅವ್ವ ಸಮಾಧಾನ ಹೇಳಲಿಲ್ಲ, ಜೋಳದ ಡಬ್ಬಿ ಕೊಟ್ಟು ಹಿಟ್ಟಿನ ಗಿರಣಿಗೆ ಅಟ್ಟಿದಳು. ಖಾರ ಬೀಸುವ ಮಶೀನು ಕೆಟ್ಟು ಅಂದು ಎಲ್ಲವೂ ಒಂದರಲ್ಲೇ ನಡೆದಿತ್ತು. ನನ್ನ ಪಾಳಿ ಬಂತು, ಡಬ್ಬಿ ಮುಂದಿಟ್ಟೆ. ಹಿಂದೆ ನಿಂತ ಮುದುಕಿ ಚೀರಿದಳು:

"ಏ ಯವ್ವಾ, ಮೊದ್ಲ ಏನ್ ಬೀಸ್ಯಾರಂತ ಕೇಳಬಾರದನ? ಮೆಣಸಿನಕಾಯಿ ಬೀಸ್ಯಾರ! ನಾಳೆ ರೊಟ್ಟಿ ತಿಂದವ್ರು ಬಾಯಿ ಬಾಯಿ ಬಡ್ಕೋತಾರ. ಇಷ್ಟೂ ತಿಳೀಲಾರದ ಏನ್ ಓದೀದಿ?"

ಗಿರಣಿಯವ ಒಂದು ಹಿಡಿ ಜೋಳ ಹಾಕಿ ಮೊದಲು ಕಲ್ಲು ಸ್ವಚ್ಛ ಮಾಡಿದ. ನನಗೆ ಅಲ್ಲೇ ಹೊಳೆಯಿತು. ಮೊದಲ ಸಲ ಪುಡಿ ಕಲಸಿದ್ದು ಸರ್ ಕ್ಯಾಪ್ಸೂಲು ಸುರಿದಿದ್ದ, ಅಂಚು ಒಡೆದ ಅದೇ ಫ್ಲಾಸ್ಕಿನಲ್ಲಿ. ನೋಡಲು ಸ್ವಚ್ಛ ಕಂಡಿತ್ತು, ನಾನೂ ತೊಳೆದಿರಲಿಲ್ಲ. ಆಮೇಲಿನ ಪ್ರತಿ ಸಲವೂ ತೊಳೆದಿದ್ದೆ.

ಮರುದಿನ ಅಂಥದೇ ಕ್ಯಾಪ್ಸೂಲು ತಂದು ಅದೇ ಫ್ಲಾಸ್ಕಿನಲ್ಲಿ ಅಲುಗಾಡಿಸಿ, ನೀರು ಚೆಲ್ಲಿ, ನನ್ನ ಪುಡಿ ಕಲಸಿದೆ. ರೋಗಾಣುಗಳು ಸತ್ತವು. ಇನ್ನೊಮ್ಮೆ ಹಾಗೇ ಮಾಡಿ, ಪುಡಿಯ ಬದಲು ಬರೀ ನೀರು ಹಾಕಿದರೂ ಸತ್ತವು. ಓಡಿಹೋಗಿ ಸರ್‌ಗೆ ಎಲ್ಲ ಹೇಳಿದೆ. ಅವರು ಕೊಟ್ಟ ಉತ್ತರ ಕೇಳಿ ಅಂದೇ ಗೈಡ್ ಬದಲಾಯಿಸಲು ಅರ್ಜಿ ಬರೆದೆ. ಪದವಿ ಎರಡು ವರ್ಷ ತಡವಾಯಿತು, ಆದರೂ ಬಂತು.

ಸರ್ ಆ ದಿನ ಕುರ್ಚಿಯಿಂದ ಎದ್ದು, ಮುಖವರಳಿಸಿ ಹೇಳಿದ್ದಿಷ್ಟು:

"ಅಗದಿ ಬರೋಬ್ಬರಿ ಆತಲ್ಲ ತಂಗಿ! ವಿಧಾನದಾಗ ಒಂದ ಸಾಲು ಸೇರಿಸು: 'ಫ್ಲಾಸ್ಕ್ ತೊಳೀಬಾರದು.'"