ಕಾಯ್ದಿರಿಸಿದ ಗಂಡ

ಮದುವೆಯಾದ ಹೊಸದರಲ್ಲಿ ಪೈಲಟ್ ತನ್ನ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ: ಇಬ್ಬರೂ ಒಂದೇ ವಿಮಾನದಲ್ಲಿ, ಅಕ್ಕಪಕ್ಕ ಕೂತು, ಸಮುದ್ರದ ಊರಿಗೆ ಹೋಗೋಣ. ಅದಾಗಿ ಒಂಬತ್ತು ವರ್ಷ. ಈ ನಡುವೆ ಅವನು ಸಾವಿರಾರು ಗಂಡ-ಹೆಂಡಿರಿಗೆ ಸಮುದ್ರ ತೋರಿಸಿ ಕರೆತಂದಿದ್ದ. ಮನೆಯವಳೊಬ್ಬಳನ್ನು ಬಿಟ್ಟು.

ತಪ್ಪು ಅವನದಲ್ಲ, ರಿಸರ್ವ್ ಡ್ಯೂಟಿಯದು. ಯಾವ ದಿನ ಯಾವ ವಿಮಾನ ಎಂದು ಕಂಪನಿಯ ಹಿರಿಯ ಪೈಲಟ್‌ಗಳಿಗೆ ತಿಂಗಳ ಮೊದಲೇ ಗೊತ್ತಿರುತ್ತದೆ. ಕಿರಿಯನಾದ ಇವನಿಗೆ ಗೊತ್ತಿರುವುದು ಇಷ್ಟೇ: ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಫೋನ್ ಕೈಯಲ್ಲಿರಬೇಕು, ಸಮವಸ್ತ್ರ ಇಸ್ತ್ರಿಯಾಗಿರಬೇಕು, ಪೆಟ್ಟಿಗೆ ಬಾಗಿಲ ಬಳಿ ಇರಬೇಕು. ಎಲ್ಲೋ ಒಬ್ಬ ಪೈಲಟ್‌ಗೆ ಜ್ವರ ಬಂತು, ಹೊಟ್ಟೆ ಕೆಟ್ಟಿತು ಎಂದರೆ ವೇಳಾಪಟ್ಟಿ ವಿಭಾಗದಿಂದ ಕರೆ ಬರುತ್ತದೆ. ಆಗ ಎದ್ದುಬಿದ್ದು ಓಡಬೇಕು. ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಮನೆಯಲ್ಲೇ ಕೂತಿರಬೇಕು. ಕ್ರಿಕೆಟ್ ತಂಡದ ಹನ್ನೆರಡನೆಯವನಾದರೂ ನೀರಿನ ಬಾಟಲಿ ಹಿಡಿದು ಮೈದಾನದೊಳಗೆ ಓಡಿಬರುತ್ತಾನೆ. ಇವನಿಗೆ ಆ ಭಾಗ್ಯವೂ ಇಲ್ಲ.

ಈ ಸಲ ಐದು ದಿನದಿಂದ ಕರೆಯೇ ಬಂದಿರಲಿಲ್ಲ. ಸ್ನಾನಕ್ಕೆ ಹೋದರೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಚ್ಚಲಿನ ಮೊಳೆಗೆ ನೇತುಹಾಕುತ್ತಿದ್ದ. ಹಗಲಿಡೀ ಫ್ರಿಜ್ಜಿನ ಗುಂಯ್‌ಗುಟ್ಟುವ ಸದ್ದು, ಗೋಡೆಯಾಚೆ ಯಾರದೋ ಟಿವಿ. ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೆಲಸ ಮಾಡುವ ಹೆಂಡತಿ ಮನೆಗೆ ಬರುವುದು ರಾತ್ರಿಗೆ. ನಸುಕಿನಲ್ಲೇ ಏಳಬೇಕಾದ ಇವನದು ಅಷ್ಟರಲ್ಲಿ ಗೊರಕೆ. ಬೆಳಿಗ್ಗೆ ಅವಳ ಕಣ್ಣು ಬಸ್ಸಿನ ಮೇಲೆ, ಇವನ ಕಣ್ಣು ಫೋನಿನ ಮೇಲೆ. ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ ವೇಳಾಪಟ್ಟಿ ವಿಭಾಗಕ್ಕೆ ಫೋನ್ ಮಾಡಿ, "ನನ್ನ ಫೋನ್ ಸರಿಯಾಗಿದೆಯಾ, ಒಂದ್ಸಲ ಕರೆ ಮಾಡಿ ನೋಡ್ತೀರಾ?" ಎಂದು ಕೇಳುತ್ತಿದ್ದ.

ಇವತ್ತು ಕೊನೆಯ ದಿನ. ನಾಳೆ, ನಾಳಿದ್ದು ಇಬ್ಬರಿಗೂ ರಜೆ. ಸಂಜೆ ಏಳೂವರೆಗೆ ಸಮುದ್ರದ ಊರಿಗೆ ಹೋಗುವ ವಿಮಾನದಲ್ಲಿ ಎರಡು ಸೀಟು ಖಾಲಿಯಿದ್ದವು. ನೌಕರರಿಗೂ ಅವರ ಮನೆಯವರಿಗೂ ಕಂಪನಿ ಅಗ್ಗದ ಟಿಕೆಟ್ ಕೊಡುತ್ತದೆ. ದುಡ್ಡು ಕೊಟ್ಟವರೆಲ್ಲ ಹತ್ತಿದ ಮೇಲೆ ಜಾಗ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೆಂಡತಿ ಆಸ್ಪತ್ರೆಯಿಂದ ಬೇಗ ಹೊರಟು ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುವುದು, ಆರು ಹೊಡೆದ ಕೂಡಲೇ ಇವನು ಹೋಗಿ ಸೇರಿಕೊಳ್ಳುವುದು ಎಂದು ಮಾತಾಗಿತ್ತು.

"ಆರರವರೆಗೆ ಫೋನ್ ಬರದಿದ್ರೆ ಸಾಕು ಕಣ್ರೀ," ಎಂದಳು ಅವಳು ಬೆಳಿಗ್ಗೆ ಹೊರಡುವಾಗ, ಅಗಲ ಅಂಚಿನ ಹೊಸ ಟೋಪಿಯನ್ನು ಚೀಲಕ್ಕೆ ತುರುಕುತ್ತ.

"ಐದು ದಿನ ಬರದೇ ಇದ್ದಿದ್ದು ಇವತ್ತೇ ಬರುತ್ತಾ?"

"ಅದಕ್ಕೇ ನನಗೆ ಭಯ. ಕಡಿಮೆ ಹಾರಿದವರನ್ನೇ ಮೊದಲು ಕರೀತಾರೆ ಅಂತ ನೀವೇ ಹೇಳಿದ್ರಲ್ಲ!"

ಅವಳು ಹೋದ ಮೇಲೆ ಎದುರುಮನೆಯ ನಿವೃತ್ತ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ದಿನವಿಡೀ ಮನೆಯಲ್ಲೇ ಇರುವವನನ್ನು ನೋಡಿ ನೋಡಿ, ಇವನಿಗೆ ಕೆಲಸ ಹೋಗಿದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ನೋಡಪ್ಪಾ, ನನ್ನ ಹತ್ತಿರ ಮುಚ್ಚಿಡಬೇಡ. ನಮ್ಮ ಅಳಿಯನದು ಟ್ಯಾಕ್ಸಿ ಕಂಪನಿ ಇದೆ. ಅದೂ ಓಡಿಸೋ ಕೆಲಸವೇ."

"ಕೆಲಸ ಇದೆ ಮೇಷ್ಟ್ರೇ. ಹೀಗೆ ಕೂತಿರೋದಕ್ಕೇ ನನಗೆ ಸಂಬಳ."

"ನಮ್ಮ ಗೇಟು ಕಾಯೋನೂ ಹಾಗೇ ಹೇಳ್ತಾನೆ," ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ಪೈಲಟ್ ಕುಪ್ಪಳಿಸಿದ ರಭಸಕ್ಕೆ ಸ್ಟೂಲು ಉರುಳಿತು. ನೀರು ಶುದ್ಧ ಮಾಡುವ ಯಂತ್ರ ಬೇಕೇ ಎಂದು ಯಾರೋ ಹೆಂಗಸು ಕೇಳುತ್ತಿದ್ದಳು. ಎದೆಬಡಿತ ಇಳಿಯುವ ತನಕ ಅವಳ ಮಾತು ಕೇಳಿದ. ಇಳಿದ ಮೇಲೂ ಕೇಳಿದ. ಆ ವಾರ ಅವನ ಜೊತೆ ಅಷ್ಟು ಹೊತ್ತು ಮಾತಾಡಿದವರು ಬೇರೆ ಯಾರೂ ಇರಲಿಲ್ಲ.

ಇನ್ನೇನು ಆರು ಆಗಬೇಕು, ಕೆಳಮನೆಯಿಂದ ಚೀರಾಟ ಕೇಳಿತು. ಅಡುಗೆಮನೆಯ ನಲ್ಲಿ ಕಿತ್ತು, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಅಲ್ಲಿನ ಅಜ್ಜಿಯ ಕೈಗೇ ಬಂದಿತ್ತು.

"ಲೋ ಮೇಲ್ಮನೆ ಹುಡುಗಾ, ವಿಮಾನ ರಿಪೇರಿ ಮಾಡೋನೇ, ಬಾರೋ!"

"ರಿಪೇರಿ ಅಲ್ಲ ದೊಡ್ಡಮ್ಮಾ, ನಾನು ಓಡಿಸೋನು!"

"ಏನಾದ್ರೂ ಮಾಡು! ಹಿಟ್ಟಿನ ಡಬ್ಬ ತೇಲ್ತಾ ಇದೆ!"

ಪೈಲಟ್ ಓಡಿದ. ತಮಾಷೆ ನೋಡಲು ಬಂದಿದ್ದ ಮೇಷ್ಟ್ರ ಕೈಗೆ ಫೋನ್ ಕೊಟ್ಟು, ಚಿಮ್ಮುತ್ತಿದ್ದ ಕೊಳವೆಗೆ ಎರಡೂ ಹೆಬ್ಬೆರಳು ತುರುಕಿ ನಿಂತ. ಫೋನ್ ಆಗಲೇ ಹೊಡೆದುಕೊಳ್ಳಬೇಕೇ!

"ಮಾತಾಡಬೇಡಿ ಮೇಷ್ಟ್ರೇ, ನನ್ನ ಕಿವಿಗೆ ಹಿಡೀರಿ!"

ಆದರೆ ಫೋನಿನ ಮೇಲೆ ವಿಮಾನ ಕಂಪನಿಯ ಹೆಸರು ಮೂಡಿದ್ದನ್ನು ಕಂಡು ಮೇಷ್ಟ್ರಿಗೆ ಮೈಯೆಲ್ಲ ಹುರುಪೇರಿತ್ತು. "ಹಲೋ! ಹೌದು, ನಾನು ಅವನ ತಂದೆ ಸಮಾನ ಅಂತಿಟ್ಕೊಳ್ಳಿ. ನಾಳೆ ಕೆಲಸಕ್ಕಾ? ಧಾರಾಳವಾಗಿ ಬರ್ತಾನೆ! ರಜೆಯಾ? ಇಷ್ಟು ದಿನ ಅದೇ ಅಲ್ವೇನಮ್ಮಾ ಅವನಿಗೆ! ಎಲ್ಲಿಗೆ ಬೇಕಾದ್ರೂ ಕಳಿಸಿ!" ಎಂದು ಕಣ್ಣೊರೆಸಿಕೊಂಡರು. "ಕೆಲಸ ಸಿಕ್ತು ಕಣಪ್ಪಾ!"

ಪೈಲಟ್ ಅವರ ಹೆಬ್ಬೆರಳನ್ನು ಕೊಳವೆಗೆ ಕೊಟ್ಟು ಫೋನ್ ಕಿತ್ತುಕೊಂಡ.

"ಮೇಡಂ, ಒಪ್ಪಿಕೊಂಡಿದ್ದು ನಾನಲ್ಲ! ರಜೆ ದಿನಕ್ಕೆ ನೀವು ಕೇಳಬಹುದು, ಬಲವಂತ ಮಾಡೋ ಹಾಗಿಲ್ಲ."

"ಗೊತ್ತು ಸರ್. ಬೇಡ ಅಂದ್ರೆ ಮುಂದಿನವರನ್ನ ಕೇಳ್ತೀನಿ. ನಾಳೆ ಸಂಜೆ ಸಮುದ್ರದ ಊರಿಂದ ಒಂದು ವಿಮಾನ ತರಬೇಕಿತ್ತು. ಇವತ್ತು ಏಳೂವರೆ ವಿಮಾನದಲ್ಲಿ ನಿಮ್ಮನ್ನ ಪ್ರಯಾಣಿಕರ ಹಾಗೆ ಕೂರಿಸಿ ಕಳಿಸ್ತಿದ್ವಿ. ಸೀಟು ಪಕ್ಕಾ. ಹೋಟೆಲ್ಲೂ ನಮ್ಮದೇ."

ಪೈಲಟ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅದೇ ವಿಮಾನ! ಖಾಲಿ ಎರಡು ಸೀಟಿನಲ್ಲಿ ಒಂದು ತನಗೆ ಪಕ್ಕಾ ಆದರೆ ಇನ್ನೊಂದು ಅವಳಿಗೆ. ನಾಳೆ ಸಂಜೆಯವರೆಗೆ ಸಮುದ್ರ. ರಾತ್ರಿಗೆ ಕಂಪನಿಯ ರೂಮು.

"ಒಪ್ಪಿದೆ!" ಎಂದು ಅವನು ಕೂಗಿದ ಕೂಗಿಗೆ ದೊಡ್ಡಮ್ಮ ಬಕೆಟ್ ಕೈಬಿಟ್ಟರು.

"ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು ಮೇಷ್ಟ್ರೇ!"

"ಸಕ್ಕರೆ ಆಮೇಲೆ. ಮೊದಲು ನನ್ನ ಬೆರಳು ಬಿಡಿಸೋ!"

ಅಷ್ಟರಲ್ಲಿ ಗೇಟಿನವನು ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದ. ಪೈಲಟ್ ಒಣ ಅಂಗಿ ಸಿಕ್ಕಿಸಿಕೊಂಡು ಟ್ಯಾಕ್ಸಿ ಹತ್ತಿದ. ದಾರಿಯಲ್ಲಿ ಹೆಂಡತಿಯ ಸಂದೇಶ ಬಂತು: "ಸೀಟು ಸಿಕ್ತು. ಕಿಟಕಿ ಪಕ್ಕ. ಕೂತಿದ್ದೀನಿ. ಬೇಗ ಬನ್ನಿ." ತನ್ನ ಸುದ್ದಿಯನ್ನು ಎದುರಿಗೇ ಹೇಳಬೇಕೆಂದು ಅವನು ಉತ್ತರ ಬರೆಯಲಿಲ್ಲ. ಸಿಗ್ನಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವನಿಗೂ ಕೈಬೀಸಿದ.

ವಿಮಾನದ ಬಾಗಿಲಿಗೆ ಹೋಗುವ ದಾರಿಯ ಬಳಿ ಕೌಂಟರಿನ ಹುಡುಗಿ ಇವನನ್ನೇ ಕಾಯುತ್ತಿದ್ದಳು.

"ಬನ್ನಿ ಸರ್. ಸ್ವಲ್ಪ ಪೇಚಾಟ ಆಯ್ತು. ಕೊನೇ ಗಳಿಗೆಯಲ್ಲಿ ಯಾರೋ ದುಡ್ಡು ಕೊಟ್ಟು ಒಂದು ಸೀಟು ತಗೊಂಡ್ಬಿಟ್ರು. ಡ್ಯೂಟಿ ಮೇಲೆ ಹೋಗೋ ಪೈಲಟ್‌ಗೆ ಕೊಡಲೇಬೇಕಲ್ಲ? ಅಗ್ಗದ ಟಿಕೆಟ್‌ನವರನ್ನ ಒಬ್ಬರನ್ನ ಇಳಿಸಿದ್ವಿ. ಪಾಪ, ಬೆಲ್ಟ್ ಕೂಡ ಕಟ್ಕೊಂಡಿದ್ರು."

ಒಳಗಿನಿಂದ ಚೀಲ ಎಳೆದುಕೊಂಡು ಹೆಂಗಸೊಬ್ಬಳು ಬರುತ್ತಿದ್ದಳು. ತಲೆಯ ಮೇಲೆ ಅಗಲ ಅಂಚಿನ ಟೋಪಿ.

"ಯಾವನೋ ಪೈಲಟ್ ಅಂತೆ," ಎಂದು ಅವಳು ಗೊಣಗುತ್ತಿದ್ದಳು. "ಅವನ ಮನೆ ಹಾಳಾಗ!"

ತಲೆ ಎತ್ತಿ ನೋಡಿದಳು.

"ನೀವಾ?"

"ನಾನೇ."

"ಬೇಡ ಅನ್ನಬಹುದಿತ್ತಾ?"

"ಅನ್ನಬಹುದಿತ್ತು."

"ಅಂದಿದ್ರೆ, ಸೀಟು ಸಿಗದಿದ್ರೂ ಇಬ್ಬರೂ ಮನೆಗಾದ್ರೂ ಹೋಗ್ತಿದ್ವಿ."

ಪೈಲಟ್ ಕೌಂಟರಿನತ್ತ ತಿರುಗಿದ. "ನಾನು ಹೋಗಲ್ಲ."

"ಒಪ್ಪಿಕೊಂಡಾಗಿದೆ ಸರ್. ನೀವು ಹೋಗದಿದ್ರೆ ನಾಳೆ ಆ ವಿಮಾನ ಹಾರೋದಿಲ್ಲ."

"ಹೋಗಿ," ಎಂದಳು ಹೆಂಡತಿ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು, ಅವಳು ಬೈಯಲಿಲ್ಲ. ಮಡಚಿಕೊಂಡಿದ್ದ ಅವನ ಕಾಲರನ್ನು ಸರಿಮಾಡಿ, ಟೋಪಿ ತೆಗೆದು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಕಿಟಕಿ ಪಕ್ಕದ ಸೀಟು ಇನ್ನೂ ಬೆಚ್ಚಗಿತ್ತು. ಬೆಲ್ಟು ಅವಳ ಸೊಂಟದ ಅಳತೆಗೆ ಬಿಗಿದಿತ್ತು. ಅವನು ಅದನ್ನು ಸಡಿಲಿಸಲು ಹೋಗದೆ ಹೊಟ್ಟೆ ಎಳೆದುಕೊಂಡು ಹಾಕಿಕೊಂಡ. ಪಕ್ಕದ ಸೀಟಿನ ದಪ್ಪ ಮನುಷ್ಯ ಮಾತಿಗೆಳೆದ.

"ನಾನು ಕೊನೇ ಗಳಿಗೆಯಲ್ಲಿ ಟಿಕೆಟ್ ತಗೊಂಡೆ ನೋಡಿ. ಇಲ್ಲಿ ಕೂತಿದ್ದ ಅಮ್ಮ, ಗಂಡ ಬರ್ತಾರೆ, ನಿಮ್ಮ ಜಾಗ ಬಿಟ್ಟುಕೊಡ್ತೀರಾ ಅಂತ ಕೇಳ್ತಾನೇ ಇದ್ರು. ಆ ಪುಣ್ಯಾತ್ಮ ಬಂದನೋ ಇಲ್ವೋ!"

"ಬಂದ," ಎಂದ ಪೈಲಟ್.

ಇಬ್ಬರೂ ಒಂದೇ ವಿಮಾನದಲ್ಲಿ ಹೋಗೋಣ ಎಂದು ಕೊಟ್ಟಿದ್ದ ಮಾತು ಅಂದೂ ನಡೆಯಲಿಲ್ಲ.